ಪದ್ಮಿನಿಗೆ ಎಲೆಕ್ಟ್ರಿಕ್ ಪಂಪ್ ಹಾಕಿಸಬಹುದಾ?

ಪ್ರಶ್ನೆ: ಅಪ್ಪ ಕೊಂಡ 1986ರ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮಲ್ಲಿದೆ. ಪುಣೆಗೆ ಹೊರಟರೆ ಖೋಪೋಲಿ ದಾಟಿ ಘಾಟಿ ಹತ್ತುವಾಗ ನಿಂತುಬಿಡುತ್ತದೆ. ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು, ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಿ ಇಗ್ನಿಷನ್ ವಯರ್‌ಗೆ ನೇರ ಕೊಟ್ಟುಬಿಡುತ್ತೇನೆ ಅನ್ನುತ್ತಾರೆ. ಮಾಡಿಸಲಾ?
– ಓದುಗರು, ಡೊಂಬಿವಲಿ

ಉತ್ತರ: ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಆದರೆ ಆ ಪಂಪ್ ಬೇಡ, ಆ ವಯರಿಂಗ್ ಅಂತೂ ಬೇಡವೇ ಬೇಡ.

ಮೊದಲು ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಹಳೆ ಪಂಪಿನ ಡಯಾಫ್ರಂ, ಅಂದರೆ ಪೆಟ್ರೋಲ್ ಎಳೆಯುವ ಒಳಗಿನ ತೆಳು ಪದರ, ಹರಿದಿದೆ. ಆಗ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ರಿಪೇರಿ ಕಿಟ್ ಹುಡುಕಿ, ಆಯಿಲ್ ಬದಲಾಯಿಸಿ. ನಿಮ್ಮ ಗಾಡಿ ಹುಟ್ಟಿದ್ದೂ ಕುರ್ಲಾದಲ್ಲೇ ಅಲ್ವಾ! ಟ್ಯಾಕ್ಸಿ ಪದ್ಮಿನಿಗಳು 2023ರಲ್ಲಿ ಮುಂಬೈ ರಸ್ತೆಯಿಂದ ಹೋದವು, ಆದರೆ ಹಳೆ ಅಂಗಡಿಯವರಿಗೆ ಈ ಗಾಡಿಯ ಪರಿಚಯ ಮರೆತಿಲ್ಲ.

ವಾಸನೆ ಇಲ್ಲದಿದ್ದರೆ, ನೀವು ಹೇಳುವ ಲಕ್ಷಣ ವೇಪರ್ ಲಾಕಿನದು, ಅಂದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುವುದು. ಹಳೆ ಪಂಪ್ ಎಂಜಿನ್‌ಗೇ ಅಂಟಿಕೊಂಡಿದೆ. ಹಿಂದಿನ ಟ್ಯಾಂಕಿನಿಂದ ಅಲ್ಲಿವರೆಗೆ ಅದು ಪೆಟ್ರೋಲನ್ನು ಎಳೆಯಬೇಕು. ಎಳೆಯುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಕುದಿಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಸೆಕೆಂಡ್ ಗೇರಿನಲ್ಲಿ ಘಾಟಿ ಹತ್ತಿದರೆ ಇನ್ನೇನಾಗಬೇಕು? ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕ್ ಹತ್ತಿರ, ತಳದ ಮಟ್ಟಕ್ಕೆ ಕೂರಿಸಿದರೆ ಅದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳುವ ಪೈಪಿನಲ್ಲಿ ಕುದಿಯುವುದು ಕಡಿಮೆ. ಇದನ್ನೇ ತಂದು ಬಾನೆಟ್ ಒಳಗೆ ಕೂರಿಸಿದರೆ ದುಡ್ಡು ದಂಡ.

ಇಂಜೆಕ್ಷನ್ ಪಂಪ್ ಯಾಕೆ ಬೇಡ? ಅದು 40 ಪಿಎಸ್‌ಐಗೂ ಜಾಸ್ತಿ ಒತ್ತಡ ಕೊಡುತ್ತದೆ. ನಿಮ್ಮ ಗಾಡಿಯಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ 3 ಪಿಎಸ್‌ಐ ಆಸುಪಾಸು ಸಾಕು. ಜಾಸ್ತಿ ಆದರೆ ಅದರೊಳಗೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ತಾಳುವುದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಕಾರ್ಬೊರೇಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದಿಂದ ಓಡುವ) ಪಂಪ್ ಕೇಳಿ. ಅದರ ಮುಂಚೆ ಫಿಲ್ಟರ್ ಇರಲಿ. ಹೋಸ್ ಎಥನಾಲ್ ತಡೆಯುವಂಥದ್ದೇ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಹಳೆ ರಬ್ಬರ್ ಅದಕ್ಕೆ ಬಾಳುವುದಿಲ್ಲ.

ಹಳೆ ಪಂಪನ್ನು ‘ಇರಲಿ ಬಿಡಿ’ ಎಂದು ಲೈನಿನಲ್ಲೇ ಉಳಿಸಬೇಡಿ. ಅದರ ಡಯಾಫ್ರಂ ಹರಿದ ದಿನ ಹೊಸ ಪಂಪ್ ಪೆಟ್ರೋಲನ್ನು ಸೀದಾ ಎಂಜಿನ್ ತಳದ ಆಯಿಲ್ ಸಂಪಿಗೆ ತಳ್ಳುತ್ತದೆ. ಬಿಚ್ಚಿ, ಆ ಜಾಗಕ್ಕೆ ಪ್ಲೇಟ್ ಮತ್ತು ಗ್ಯಾಸ್ಕೆಟ್ ಹಾಕಿಸಿ.

ಇನ್ನು ವಯರಿಂಗ್. ಹಳೆ ಪಂಪಿನಲ್ಲಿ ಒಂದು ದೊಡ್ಡ ಗುಣ ಇತ್ತು: ಎಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ಇಗ್ನಿಷನ್‌ಗೆ ನೇರ ಕೊಟ್ಟ ಎಲೆಕ್ಟ್ರಿಕ್ ಪಂಪ್ ಹಾಗಲ್ಲ. ಗಾಡಿ ಗುದ್ದಿ ಪೈಪ್ ಕಿತ್ತುಹೋಗಿದ್ದರೂ, ಕೀಲಿ ಆನ್ ಇರುವ ತನಕ ಅದು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ನನ್ನ ಭಯ ಅದೇ.

ಹೀಗೆ ಮಾಡಿಸಿ. ನಾಲ್ಕು ಕಾಲಿನ ಸಾದಾ ರಿಲೇ (ಕರೆಂಟಿನಿಂದ ಆನ್ ಆಗುವ ಸ್ವಿಚ್) ತನ್ನಿ. ಅದರ ಕಾಲುಗಳಿಗೆ 30, 85, 86, 87 ಎಂದು ನಂಬರ್ ಇರುತ್ತದೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವಯರ್ 30ಕ್ಕೆ, 87ರಿಂದ ಪಂಪಿಗೆ. ಇಂಥ ಪಂಪ್ ಒಂದೆರಡು ಆಂಪಿಯರ್ ಎಳೆಯುತ್ತದೆ, 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸನ್ನು ಬ್ಯಾಟರಿ ಹತ್ತಿರವೇ ಇಡಿ. ಇಗ್ನಿಷನ್ ವಯರ್ 86ಕ್ಕೆ, ನಡುವೆ ಒಂದು ಇನರ್ಷಿಯಾ ಸ್ವಿಚ್. ಗಾಡಿ ಜೋರಾಗಿ ಗುದ್ದಿದರೆ ಅದು ಕಟ್ ಮಾಡುತ್ತದೆ. ಹಳೆ ಫೋರ್ಡ್ ಕಾರುಗಳ ಸ್ಕ್ರ್ಯಾಪಿನಲ್ಲಿ ಕೇಳಿ ನೋಡಿ. 85 ಅರ್ತ್‌ಗೆ ಹೋಗಬೇಕು, ಆದರೆ ಆಯಿಲ್ ಪ್ರೆಶರ್ ಬಂದ ಮೇಲೆ ಮಾತ್ರ ಸೇರುವ ಸ್ವಿಚ್ ಮೂಲಕ. ಎಂಜಿನ್ ನಿಂತರೆ ಪ್ರೆಶರ್ ಇಳಿದು ಪಂಪೂ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪದ ಸ್ವಿಚ್ ಇದಕ್ಕೆ ಆಗುವುದಿಲ್ಲ. ಅದರ ಕೆಲಸ ಉಲ್ಟಾ, ಪ್ರೆಶರ್ ಇಲ್ಲದಾಗ ಸೇರುತ್ತದೆ. ಟೀ ಜಾಯಿಂಟ್ ಹಾಕಿ ಎರಡೂ ಸ್ವಿಚ್ ಇಟ್ಟುಕೊಳ್ಳಿ.

ಹಾಗಾದರೆ ಪ್ರೆಶರ್ ಬರುವ ಮುಂಚೆ, ಸ್ಟಾರ್ಟ್ ಮಾಡುವಾಗ? ಆ ಹೊಸ ಸ್ವಿಚ್‌ಗೆ ಸಮಾನಾಂತರವಾಗಿ, ಬಿಟ್ಟರೆ ತಾನೇ ಹಿಂದೆ ಬರುವ ಒಂದು ಪುಶ್ ಬಟನ್ ಹಾಕಿಸಿ. ವಾರಗಟ್ಟಲೆ ನಿಂತ ಗಾಡಿಗೆ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಕಾರ್ಬೊರೇಟರ್ ತುಂಬುತ್ತದೆ. ಮಾಮೂಲಿ ಆನ್-ಆಫ್ ಸ್ವಿಚ್ ಹಾಕಿದರೆ ಯಾರಾದರೂ ಆನ್ ಮಾಡಿ ಮರೆಯುತ್ತಾರೆ, ಆಗ ಇಷ್ಟೆಲ್ಲ ಮಾಡಿದ್ದು ಸುಮ್ನೆ.

ಪೆಟ್ರೋಲ್ ಲೈನ್ ಮುಟ್ಟುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ.

ಪ್ರಶ್ನೆ: ನನ್ನ ಹಳೆ ಫಿಯೆಟ್‌ಗೆ ಹಾಕಿಸಿದ ಸೊಲೆನಾಯ್ಡ್ ಪಂಪ್ ಟಿಕ್ ಟಿಕ್ ಅನ್ನುತ್ತದೆ. ಕೆಟ್ಟಿದೆಯಾ?
– ಓದುಗರು, ಪುಣೆ

ಉತ್ತರ: ಇಲ್ಲ, ಆ ಜಾತಿಯ ಪಂಪ್ ಸದ್ದು ಮಾಡುವುದೇ ಹಾಗೆ. ಮೊದಲು ಬೇಗ ಬೇಗ, ಕಾರ್ಬೊರೇಟರ್ ತುಂಬಿದ ಮೇಲೆ ನಿಧಾನ. ಎಂಜಿನ್ ಆಫ್ ಇರುವಾಗ ಬಟನ್ ಒತ್ತಿ ಹಿಡಿದರೂ ನಿಧಾನ ಆಗದಿದ್ದರೆ ಮೂರು ನೋಡಿ: ಟ್ಯಾಂಕ್ ಖಾಲಿಯೇ, ಪಂಪಿನ ಹಿಂದಿನ ಹೋಸ್ ಗಾಳಿ ಎಳೆಯುತ್ತಿದೆಯೇ, ಮುಂದೆ ಎಲ್ಲಾದರೂ ಸೋರುತ್ತಿದೆಯೇ. ಸದ್ದಿನಿಂದ ಕಿರಿಕಿರಿ ಆದರೆ ಪಂಪಿನ ಕೆಳಗೆ ರಬ್ಬರ್ ಬುಷ್ ಹಾಕಿಸಿ. ಆಗ ಅರ್ತ್‌ಗೆ ಪ್ರತ್ಯೇಕ ವಯರ್ ಎಳೆಸಿ, ಇಲ್ಲದಿದ್ದರೆ ಪಂಪ್ ಓಡುವುದೇ ಇಲ್ಲ.