ಡೈರಿಯ ಕಲ್ಲು ಪರದೆಯಲ್ಲಿ ಜಾಗ ತಪ್ಪಿದ್ದೇಕೆ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟು, ಬಲೆಯನ್ನು ಹಿಂದೆ ಎಳೆಯುತ್ತ ಹೋಗುವಂಥದ್ದು. ಈ ಸಲ ಚಾರ್ಟ್ ಪ್ಲಾಟರ್ (ಬೋಟಿನ ಜಾಗವನ್ನು ಕಡಲ ನಕ್ಷೆಯ ಮೇಲೆ ತೋರಿಸುವ ಮಶೀನು) ಹಾಕಿಸಿ, ಹಳೆ ತಂಡೇಲರ (ಬೋಟು ನಡೆಸುವವರ) ಡೈರಿಯಲ್ಲಿದ್ದ ನೀರಡಿಯ ಕಲ್ಲುಗಳ ಜಾಗವನ್ನೆಲ್ಲ ವೇಪಾಯಿಂಟ್ (ಪರದೆಯ ಗುರುತು) ಮಾಡಿಟ್ಟೆ. ಕೆಲವು ಸರಿಯಾಗಿವೆ. ಆದರೆ ‘13 20 45, 74 30 20’ ಎಂದು ಬರೆದಿದ್ದ ಕಲ್ಲಿಗೆ ಬಲೆ ಸಿಕ್ಕಿ ಹರಿದಾಗ, ಪರದೆಯ ಗುರುತಿನಿಂದ ಈಶಾನ್ಯಕ್ಕೆ ಅರ್ಧ ಕಿ.ಮೀ.ಗಿಂತ ಹೆಚ್ಚು ದೂರ ಇದ್ದೆವು. ಮಶೀನೇ ಸರಿಯಿಲ್ಲವೇ? ಇನ್ನೊಂದು, ವಾಪಸ್ ಬರುವಾಗ ‘ಗೋ ಟು’ ಒತ್ತಿ ಸುಮ್ಮನೆ ಕೂರಬಹುದೇ?

ಉತ್ತರ: ಮಶೀನಿನ ತಪ್ಪಲ್ಲ. ಮೊದಲ ಮೂರು ಅಂಕಿ ಅಕ್ಷಾಂಶ, ಉಳಿದವು ರೇಖಾಂಶ; ಎರಡರಲ್ಲೂ ಮೊದಲು ಡಿಗ್ರಿ, ಆಮೇಲೆ ಮಿನಿಟು. ಡೈರಿ ಬರೆದವರಿಗೆ ಆ 45 ಅಂದರೆ 45 ಸೆಕೆಂಡು. ನೀವು ಹಾಕಿದ್ದು 20.45 ಮಿನಿಟು. ಮಿನಿಟಿಗೆ 60 ಸೆಕೆಂಡು, ಹಾಗಾಗಿ 20.75 ಎಂದು ಹಾಕಬೇಕಿತ್ತು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್. 0.30 ಮಿನಿಟು ಕಮ್ಮಿಯಾದದ್ದಕ್ಕೆ ಗುರುತು ಸುಮಾರು 555 ಮೀಟರ್ ದಕ್ಷಿಣಕ್ಕೆ ಜಾರಿತು. ರೇಖಾಂಶದ 20 ಕೂಡ ಹೀಗೇ ಆಗಿ, ಸುಮಾರು 240 ಮೀಟರ್ ಪಶ್ಚಿಮಕ್ಕೆ.

ಕೆಲವು ಪಾಯಿಂಟ್ ಸರಿ ಅನಿಸಿದ್ದೂ ಇದೇ ಲೆಕ್ಕದಿಂದ. ಕೊನೆಯಲ್ಲಿ 05 ಇದ್ದರೆ ಅಕ್ಷಾಂಶದಲ್ಲಿ ತಪ್ಪು ಬರೀ 60 ಮೀಟರ್ ಚಿಲ್ಲರೆ. 55 ಇದ್ದರೆ 680ರ ಹತ್ತಿರ. ಈಗ ಡೈರಿ ತೆಗೆದು ಕೊನೆಯ ಎರಡಂಕಿಗಳನ್ನು ಮಾತ್ರ ನೋಡುತ್ತ ಹೋಗಿ. ಎಲ್ಲೂ 59 ದಾಟಿಲ್ಲವೆಂದರೆ ಬಹುಮಟ್ಟಿಗೆ ಅವು ಸೆಕೆಂಡುಗಳೇ. ಒಂದು ಕಡೆ 78 ಅಂತಲೋ, ಮೂರಂಕಿಯೋ ಕಂಡರೆ ಅದು ದಶಾಂಶ. ಇಬ್ಬರ ಕೈಬರಹವಿದ್ದರೆ ಬೇರೆ ಬೇರೆಯಾಗಿಯೇ ನೋಡಬೇಕು.

ಸೆಟ್ಟಿಂಗ್‌ನಲ್ಲಿ ಡಿಗ್ರಿ-ಮಿನಿಟು-ಸೆಕೆಂಡು ಆರಿಸಿ, ಸೆಕೆಂಡಿನಲ್ಲಿ ಬರೆದವನ್ನು ಹೊಸದಾಗಿ ಹಾಕಿ. ಆಮೇಲೆ ಬೇಕಾದರೆ ದಶಾಂಶಕ್ಕೆ ಮರಳಿ, ಮಶೀನೇ ಬದಲಿಸಿ ತೋರಿಸುತ್ತದೆ. ಆದರೆ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಈಗಾಗಲೇ ತಪ್ಪಾಗಿ ಹಾಕಿದ್ದು ಸರಿಹೋಗುವುದಿಲ್ಲ, ಅವನ್ನು ಅಳಿಸಲೇಬೇಕು.

ನಿಮ್ಮ ಅನುಭವದಲ್ಲೇ ಇನ್ನೊಂದು ಎಡವಟ್ಟಿಗೆ ಜಾಗವಿದೆ. ಬಲೆ ಸಿಕ್ಕಿದ ಕೂಡಲೇ ಎಲ್ಲರೂ ‘ಮಾರ್ಕ್’ ಒತ್ತುತ್ತಾರೆ. ಅಲ್ಲಿ ಗುರುತಾಗುವುದು ಬೋಟಿನ ಜಾಗ. ಕಲ್ಲು ಇರುವುದು ಹಿಂದೆ, ಬಲೆಯ ಹತ್ತಿರ. ಬಿಡಿಸಲೆಂದು ಹಗ್ಗ ಎಳೆಯುತ್ತ ಹಿಂದೆ ಸರಿದು, ಹಗ್ಗ ನೆಟ್ಟಗೆ ಕೆಳಕ್ಕೆ ನಿಂತಾಗ ಒತ್ತಿ. ಡೈರಿಗಿಂತ ಆ ಗುರುತನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ‘ಗೋ ಟು’. ಅದು ಇದ್ದಲ್ಲಿಂದ ಬಂದರಿಗೆ ಒಂದು ನೇರ ಗೆರೆ ಎಳೆಯುತ್ತದೆ, ಅಷ್ಟೇ. ಮಧ್ಯೆ ಏನಿದೆ ಎಂದು ನೋಡುವುದಿಲ್ಲ. ವಾಯವ್ಯದಿಂದ ಬರುವಾಗ ಆ ಗೆರೆ ಸೇಂಟ್ ಮೇರೀಸ್ ದ್ವೀಪಗಳ ಮೇಲೇ ಹಾದೀತು. ಮೂರ್ನಾಲ್ಕು ಪಾಯಿಂಟ್ ಸೇರಿಸಿ ರೂಟ್ ಮಾಡಿ, ಹೊರಡುವ ಮೊದಲು ಪೂರ್ತಿ ಜೂಮ್ ಮಾಡಿ ಗೆರೆಯುದ್ದಕ್ಕೂ ನೋಡಿ. ದೂರದ ನೋಟದಲ್ಲಿ ಸಣ್ಣ ಕಲ್ಲುಗಳು ಪರದೆಯಿಂದ ಮಾಯವಾಗಿರುತ್ತವೆ. ಕೊನೆಯ ಪಾಯಿಂಟನ್ನು ದಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಇಡಬೇಡಿ. ಅಳಿವೆಯ (ಹೊಳೆ ಕಡಲು ಸೇರುವ ಬಾಯಿಯ) ಹೊರಗೆ ಆಳದ ನೀರಲ್ಲಿಡಿ. ಮರಳು ಸರಿಯುವ ಅಳಿವೆಯೊಳಕ್ಕೆ ಕಣ್ಣು, ಆಳ ತೋರಿಸುವ ಮೀಟರು ಎರಡನ್ನೂ ನಂಬಿ, ಚುಕ್ಕಾಣಿ ಕೈಯಲ್ಲಿ ಹಿಡಿದೇ ಬನ್ನಿ.