ತಂಗಿಯ ಕಣ್ಣಿನ ಒತ್ತಡ 8ರಿಂದ 32ಕ್ಕೆ ಏರಿದೆ, ಸ್ಟೀರಾಯ್ಡ್ ಹನಿ ನಿಲ್ಲಿಸಿಬಿಡಬೇಕೇ?

ನೀವಾಗಿ ನಿಲ್ಲಿಸಬೇಡಿ, ಆದರೆ ಮುಂದಿನ ತಪಾಸಣೆಯ ದಿನ ಬರಲಿ ಎಂದು ಕಾಯಲೂ ಬೇಡಿ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ನಾನು ವೈದ್ಯನಲ್ಲ, ಹನ್ನೊಂದು ವರ್ಷದಿಂದ ಯುವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಕಟ್ಟಿಕೊಂಡು ಏಗುತ್ತಿರುವ ರೋಗಿ. ಉರಿಯೂತ ಶುರುವಾದಾಗ 8, ಐದು ವಾರ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಹನಿ ಹಾಕಿದ ಮೇಲೆ 32 ಎಂದು ಬರೆದಿದ್ದೀರಲ್ಲ, ನನಗೆ ಮೂರನೆಯ ಸಲ ಬಂದಾಗ ಆದದ್ದೂ ಹೆಚ್ಚುಕಡಿಮೆ ಅದೇ.

"ಔಷಧವೇ ಹೊಸ ರೋಗ ತಂದಿತೇ" ಎಂಬುದು ನಿಮ್ಮ ಪ್ರಶ್ನೆ. ಇರಬಹುದು. ಆದರೆ ಆ 8 ಕೂಡ ಆರೋಗ್ಯದ ಗುರುತಾಗಿರಲಿಲ್ಲ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದವರೆಗೆ ಇರುತ್ತದೆ. ಪಾಪೆಯ ಹಿಂದಿನ ಒಂದು ಅಂಗಾಂಶ ನಿಮಿಷಕ್ಕೆ ಎರಡು ಮೈಕ್ರೋಲೀಟರಿನಷ್ಟು ತಿಳಿನೀರನ್ನು ಒಸರುತ್ತದೆ. ನಮ್ಮ ಔಷಧದ ಒಂದು ಹನಿಯಷ್ಟಾಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಇದು ಕಣ್ಣೀರಲ್ಲ. ಪಾಪೆಯ ಮೂಲಕ ಮುಂದಕ್ಕೆ ಬಂದು, ಅಂಚಿನಲ್ಲಿರುವ ಜರಡಿಯಂಥ ಜಾಲದಲ್ಲಿ ಸೋಸಿ ರಕ್ತಕ್ಕೆ ಸೇರುತ್ತದೆ. ಉರಿಯೂತವಾದಾಗ ಒಸರುವ ಅಂಗಾಂಶವೇ ಸೊರಗುವುದರಿಂದ ಒತ್ತಡ ಇಳಿಯುತ್ತದೆ. ಸ್ಟೀರಾಯ್ಡ್ ಅದನ್ನು ಸುಧಾರಿಸಿದರೆ ನೀರು ಮತ್ತೆ ಬರುತ್ತದೆ. ಅಷ್ಟರಲ್ಲಿ ಜರಡಿಯಲ್ಲಿ, ಬಚ್ಚಲ ಜಾಲರಿಗೆ ಕೂದಲು ಸಿಕ್ಕಿದ ಹಾಗೆ, ಉರಿಯೂತದ ಕಣಗಳು ಸಿಕ್ಕಿಕೊಂಡಿರಬಹುದು. ಸಾಲದ್ದಕ್ಕೆ ಕೆಲವರಲ್ಲಿ ಸ್ಟೀರಾಯ್ಡ್ ಕೂಡ ಆ ಜರಡಿಯನ್ನು ಬಿಗಿಗೊಳಿಸುತ್ತದೆ. ಹಾಗಾಗುವುದು ಹೆಚ್ಚಾಗಿ ಎರಡರಿಂದ ಆರು ವಾರಗಳಲ್ಲಿ. ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ದೃಷ್ಟಿನರ ಸವೆಯುವ ಕಾಯಿಲೆ) ಇದ್ದರೆ ವೈದ್ಯರಿಗೆ ಹೇಳಿ.

ಇವುಗಳಲ್ಲಿ ಯಾವುದು ಕಾರಣ ಎಂಬುದು 32 ಎಂಬ ಅಂಕಿಯಿಂದ ತಿಳಿಯುವುದಿಲ್ಲ, ಒಳಗೆ ಇನ್ನೂ ಎಷ್ಟು ಕಣಗಳು ತೇಲುತ್ತಿವೆ ಎಂದು ನೋಡಿಯೇ ತಿಳಿಯಬೇಕು. ಉರಿಯೂತ ಉಳಿದಿರುವಾಗ ಹನಿಯನ್ನು ಥಟ್ಟನೆ ಬಿಟ್ಟರೆ ಅದು ಮರುಕಳಿಸುತ್ತದೆ. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಸುತ್ತಲೂ ಅಂಟಿಕೊಂಡರಂತೂ ನೀರಿಗೆ ದಾರಿಯೇ ಇಲ್ಲ. ಅದಕ್ಕೇ ಪಾಪೆ ಹಿಗ್ಗಿಸುವ ಹನಿಯನ್ನೂ ಕೊಟ್ಟಿರುತ್ತಾರೆ. ಅದನ್ನು ಹಾಕಿದರೆ ಓದಲು ಆಗುವುದಿಲ್ಲವೆಂದು ನಾನು ಕೆಲವು ದಿನ ತಪ್ಪಿಸಿದೆ. ನನ್ನ ಎಡಗಣ್ಣಿನ ಪಾಪೆ ಇವತ್ತಿಗೂ ಗೋಡಂಬಿಯ ಆಕಾರದಲ್ಲಿದೆ.

ನನಗೆ ಪ್ರೆಡ್ನಿಸೊಲೋನನ್ನು ಹಂತಹಂತವಾಗಿ ಇಳಿಸಿ, ಒತ್ತಡವನ್ನು ಅಷ್ಟಾಗಿ ಏರಿಸದ ಲೋಟೆಪ್ರೆಡ್ನೋಲ್ ಎಂಬ ಇನ್ನೊಂದು ಸ್ಟೀರಾಯ್ಡ್ ಕೊಟ್ಟರು. ಜೊತೆಗೆ ನೀರಿನ ಒಸರನ್ನು ತಗ್ಗಿಸುವ ಟಿಮೋಲಾಲ್. ಚಿಕ್ಕಂದಿನಲ್ಲಿ ಉಬ್ಬಸವಿದ್ದುದನ್ನು ನಾನು ಹೇಳಿರಲಿಲ್ಲ, ಕಣ್ಣಿನ ಹನಿಗೂ ಎದೆಗೂ ಏನು ಸಂಬಂಧ ಎಂದುಕೊಂಡಿದ್ದೆ. ನಾಲ್ಕನೆಯ ದಿನ ಮಹಡಿ ಹತ್ತುವಾಗ ಏದುಸಿರು ಬಂತು. ಟಿಮೋಲಾಲ್ ಬಿಡಿಸಿ, ಒತ್ತಡ ಇಳಿಸುವ ಇನ್ನೊಂದು ಹನಿ ಡಾರ್ಜೋಲಮೈಡ್ ಬರೆದರು, ಹಾಕಿದ ಸ್ವಲ್ಪ ಹೊತ್ತಿಗೆ ಬಾಯೆಲ್ಲ ಕಹಿ. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಒತ್ತಡ 34ರಿಂದ 17ಕ್ಕೆ ಬರಲು ನನಗೆ ಆರು ವಾರ ಹಿಡಿಯಿತು.

ಒತ್ತಡ ಅಳೆಯುವಾಗ ತಂಗಿಗೆ ಉಸಿರು ಬಿಗಿಹಿಡಿಯಬೇಡ, ರೆಪ್ಪೆ ಹಿಂಡಬೇಡ ಎಂದು ಹೇಳಿ. ಅಳೆಯುವ ಯಂತ್ರದ ನೀಲಿ ಬೆಳಕು ಹತ್ತಿರ ಬರುವಾಗ ಎಲ್ಲರೂ ಮಾಡುವುದು ಅದನ್ನೇ, ಅದರಿಂದ ಅಂಕಿ ಏರುತ್ತದೆ. ಹಿಂದೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ) ಮಾಡಿಸಿಕೊಂಡಿದ್ದರೆ ಅದನ್ನೂ ತಿಳಿಸಿ, ಅದರಲ್ಲಿ ಕೊರೆಯುವ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದೃಷ್ಟಿನರಕ್ಕೆ ಪೆಟ್ಟು ಬಿದ್ದಿದೆಯೇ ಎಂದು ಕೇಳಿ, ಅಲ್ಲಿ ಆದ ನಷ್ಟ ತುಂಬಿಬರುವುದಿಲ್ಲ. ಕಣ್ಣುನೋವಿನ ಜೊತೆಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಬೆಳಗಾಗುವವರೆಗೂ ಕಾಯದೆ ಆ ರಾತ್ರಿಯೇ ಕರೆದುಕೊಂಡು ಹೋಗಿ.