ರೇಟು ಆಮೇಲೆ, ಮೊದಲು ರಾಶಿ ನೋಡಿ

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಇಷ್ಟು ವರ್ಷ ಅಪ್ಪ ಮಾರುತ್ತಿದ್ದರು, ಈಗ ನಾನು. ಅಂಗಡಿಯವರು ಒಂದು ರೇಟು ಹೇಳುತ್ತಾರೆ. ನಾನು "ಸ್ವಲ್ಪ ಜಾಸ್ತಿ ಕೊಡಬಹುದಾ?" ಅಂತ ಕೇಳುತ್ತೇನೆ. "ಮಾರ್ಕೆಟ್ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಜಗಳ ಮಾಡುವ ಸ್ವಭಾವ ನನ್ನದಲ್ಲ. ಏನು ಕೇಳಬೇಕು?

ಉತ್ತರ: ಜಗಳ ಬೇಡವೇ ಬೇಡ. ಆದರೆ "ಕೊಡಬಹುದಾ" ಅಂತ ಕೇಳಿದರೆ "ಆಗುವುದಿಲ್ಲ" ಅನ್ನುವುದು ಎಷ್ಟು ಸುಲಭ, ಅಲ್ವಾ? ಅದರ ಬದಲು "ಇದಕ್ಕೆ ಈ ರೇಟು ಹೇಗೆ ಹಾಕಿದಿರಿ?" ಅಂತ ಕೇಳಿ. ಈಗ ಅವರು ಕಾರಣ ಹೇಳಬೇಕಾಗುತ್ತದೆ. ಸರಿಯಾಗಿ ಒಣಗಿಲ್ಲ ಅನ್ನಬಹುದು, ಪಟೋರ, ಅಂದರೆ ಒಡೆದ ಅಡಿಕೆ, ಜಾಸ್ತಿ ಅನ್ನಬಹುದು. ಕಾರಣ ಹೇಳಿದ ಮೇಲೆ ಅದು ಹೌದೋ ಅಲ್ಲವೋ ಅಂತ ಇಬ್ಬರೂ ನಿಂತು ನೋಡಬಹುದು.

ಇನ್ನೊಂದು ಮುಖ್ಯ ವಿಷಯ. ಚಾಲಿ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದನ್ನು, ಮಾರುವ ಹೆಚ್ಚಿನವರು ರೇಟಿನ ಮೇಲೆ ಚೌಕಾಸಿ ಮಾಡುತ್ತಾರೆ, ಆದರೆ ದುಡ್ಡು ಹೋಗುವುದು ಅಂಗಡಿಯವರು ಅಡಿಕೆ ಆರಿಸುವಾಗ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ನಿಮ್ಮ 100 ಕಿಲೋದಲ್ಲಿ 10 ಕಿಲೋ ಪಟೋರಕ್ಕೆ ಹೋಯಿತು, ಅದರ ರೇಟು ಕಿಲೋಗೆ 100 ರೂಪಾಯಿ ಕಡಿಮೆ ಅಂದುಕೊಳ್ಳಿ. ಅಲ್ಲೇ 1,000 ರೂಪಾಯಿ ಹೋಯಿತು. ಉಳಿದ 90 ಕಿಲೋಗೆ ನೀವು ಕಾಡಿ ಬೇಡಿ 5 ರೂಪಾಯಿ ಏರಿಸಿದರೂ ಸಿಗುವುದು 450.

ಹಾಗಾಗಿ ಅವರು ಗೋಣಿ ಸುರಿದು, ಕೈಯಾಡಿಸಿ, ಪಟೋರ, ಉಳ್ಳಿ, ಕರಿಗೋಟು ಅಂತ ಕಡಿಮೆ ರೇಟಿನ ಬಗೆಗಳನ್ನು ಬದಿಗೆ ತಳ್ಳುವಾಗ ದಯವಿಟ್ಟು ಹೊರಗೆ ಚಾ ಕುಡಿಯಲು ಹೋಗಬೇಡಿ. ಹತ್ತಿರ ಕುಳಿತುಕೊಳ್ಳಿ. ಬದಿಗಿಟ್ಟ ರಾಶಿಯಿಂದ ಒಂದು ಅಡಿಕೆ ಎತ್ತಿ "ಇದನ್ನು ಪಟೋರಕ್ಕೆ ಯಾಕೆ ಹಾಕಿದಿರಿ, ಎಲ್ಲಿ ಒಡೆದಿದೆ?" ಅಂತ ಮೆತ್ತಗೆ ಕೇಳಿ. ತಪ್ಪು ಹಿಡಿಯುವ ಧ್ವನಿ ಬೇಡ, ತಿಳಿದುಕೊಳ್ಳುವ ಧ್ವನಿ ಸಾಕು. ಒಡೆದಿದ್ದರೆ ಒಪ್ಪಿಕೊಳ್ಳಿ, ಮುಂದಿನ ಸಲ ಮನೆಯಲ್ಲೇ ಆರಿಸಿ ತರಲು ಅದು ನಿಮಗೊಂದು ಪಾಠ. ಒಡೆದಿಲ್ಲ ಅಂದರೆ ಅದು ಒಳ್ಳೆಯದರ ರಾಶಿಗೆ ವಾಪಸ್ ಬರುತ್ತದೆ, ಆಮೇಲೆ ಉಳಿದದ್ದನ್ನೂ ಅವರು ನೋಡಿಯೇ ಹಾಕುತ್ತಾರೆ.

ಕೇಳಿದ ಮೇಲೆ ಸುಮ್ಮನಿರಿ. ನಮ್ಮ ಜನಕ್ಕೆ ಇದು ಬಹಳ ಕಷ್ಟ. ಅವರು ಯೋಚಿಸುತ್ತಿರುವಾಗಲೇ "ಪರವಾಗಿಲ್ಲ ಬಿಡಿ, ನೀವು ಹೇಳಿದಷ್ಟೇ ಆಗಲಿ" ಅಂತ ನಾವೇ ಉತ್ತರವನ್ನೂ ಕೊಟ್ಟುಬಿಡುತ್ತೇವೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮೂರು ಒಟ್ಟಿಗೆ ಕೇಳಿದರೆ ಅವರು ತಮಗೆ ಸುಲಭವಾದ ಒಂದಕ್ಕೆ ಉತ್ತರ ಹೇಳಿ ಪಾರಾಗುತ್ತಾರೆ.

ಅವರ ಕಡೆಯಿಂದಲೂ ಒಂದು ಪ್ರಶ್ನೆ ಬರುತ್ತದೆ: "ನಿಮಗೆ ಎಷ್ಟು ಬೇಕು, ಹೇಳಿ." ಹೊರಗಿನ ರೇಟು ಗೊತ್ತಿಲ್ಲದೆ ಇದಕ್ಕೆ ಬಾಯಿ ಬಿಡಬೇಡಿ. ಅಡಿಕೆ ಕೊಳ್ಳುವ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದೇ ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯವರಿಗಾಗಿ. ಮನೆಯಿಂದ ಹೊರಡುವ ಮೊದಲು ಅಲ್ಲಿನ ಆ ದಿನದ ರೇಟು ವಿಚಾರಿಸಿಕೊಳ್ಳಿ. ಆಗ "ಕ್ಯಾಂಪ್ಕೊದಲ್ಲಿ ಇವತ್ತು ಇಷ್ಟಿದೆ, ನಿಮ್ಮಲ್ಲಿ ಎಷ್ಟರವರೆಗೆ ಆಗುತ್ತದೆ?" ಅಂತ ಪ್ರಶ್ನೆಯನ್ನು ಅವರಿಗೇ ತಿರುಗಿಸಬಹುದು. ದುಡ್ಡು ಯಾವತ್ತು ಕೈಗೆ ಬರುತ್ತದೆ, ಗೋಣಿ ತೂಕ ಎಷ್ಟು ಕಳೆಯುತ್ತೀರಿ, ಇವೆರಡನ್ನು ರೇಟು ಒಪ್ಪುವ ಮೊದಲೇ ಕೇಳಿ.

ಪ್ರಶ್ನೆ: ಉಪ್ಪಳದಲ್ಲಿ ನನ್ನ ಸಣ್ಣ ಟೈಲರಿಂಗ್ ಅಂಗಡಿ ಇದೆ. ಕಟ್ಟಡದ ಯಜಮಾನರು ಬಾಡಿಗೆ ಏರಿಸುತ್ತೇನೆ ಅಂದಿದ್ದಾರೆ. ಹಿರಿಯರು, ಒಳ್ಳೆಯವರು. ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಂಡಾರೇ ಅಂತ ಹೆದರಿಕೆ.

ಉತ್ತರ: ಬೇಜಾರಾಗುವುದು "ಯಾಕೆ ಏರಿಸುತ್ತೀರಿ?" ಅಂದಾಗ. ಅದು ಲೆಕ್ಕ ಕೇಳಿದ ಹಾಗಿರುತ್ತದೆ. "ಏರಿಸಿದರೆ ಎಷ್ಟು ವರ್ಷ ಹಾಗೇ ಇರುತ್ತದೆ? ಮಳೆಗೆ ಸೋರುವ ಮಾಡು ಯಾರು ಸರಿ ಮಾಡಿಸುವುದು?" ಹೀಗೆ ಮುಂದಿನದನ್ನು ಕೇಳಿ. ಹಿರಿಯರಾದ್ದರಿಂದ ಅಂಗಡಿಯಲ್ಲಿ ಗಿರಾಕಿಗಳ ಎದುರು ಬೇಡ, ಅವರ ಮನೆಗೆ ಹೋಗಿ ಮಾತಾಡಿ. ಒಪ್ಪಿದ್ದನ್ನು ಬಾಡಿಗೆ ಕರಾರಿನಲ್ಲಿ ಬರೆಸಿಕೊಳ್ಳಿ.